ಚರ್ಚಿನ ಕಲ್ಲಿಗೆ ಇಟ್ಟ ಎಡೆ

"ದಮ್ಮಯ್ಯ ಅಂತೀನಿ ಗೌಡ್ರೇ, ಎಡೆ ಮುಟ್ಬೇಡಿ. ಹೊರಗೆ ಬನ್ನಿ, ಬಾಗ್ಲು ಹಾಕ್ಬೇಕು."

ಮೇಸ್ತ್ರಿ ಚೌಡಯ್ಯ ಕೈಮುಗಿದು ನಿಂತಿದ್ದ. ಪ್ರಶಾಂತ್ ನಕ್ಕುಬಿಟ್ಟ. ಮಲ್ಲಂದೂರಿನ ಆ ಎಸ್ಟೇಟು ಕೊಂಡು ಅವನಿಗಿನ್ನೂ ಒಂದು ಮಳೆಗಾಲ ಕಳೆದಿರಲಿಲ್ಲ. ಅಷ್ಟರಲ್ಲೇ, ಬಿಳಿ ದೊರೆಗಳು ತೋಟದ ನಡುವೆ ಕಟ್ಟಿಸಿದ್ದ ಪುಟ್ಟ ಚರ್ಚನ್ನು ಹೋಮ್‌ಸ್ಟೇಯ ಊಟದ ಹಾಲ್ ಮಾಡುವುದೆಂದು ತೀರ್ಮಾನಿಸಿದ್ದ.

ಚರ್ಚಿನ ಗೋಡೆಯಲ್ಲೊಂದು ಕಪ್ಪು ಕಲ್ಲು. ಮೊದಲ ಮಹಾಯುದ್ಧದಲ್ಲಿ ಸತ್ತ ದೊರೆಮಗನ ಹೆಸರು ಅದರ ಮೇಲೆ ದೊಡ್ಡ ಅಕ್ಷರದಲ್ಲಿದೆ. ಅವನ ಹಿಂದೆ ಮೂಟೆ ಹೊತ್ತು ಹೋದ ತೋಟದ ಆಳುಗಳಿಗೆ ಹೆಸರೇ ಇಲ್ಲ, 'ಮತ್ತು ಅವನ ಕೂಲಿಗಳು' ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಅಷ್ಟೇ. ಸತ್ತ ಮೇಲೂ ಬಡವರಿಗೆ ಅಷ್ಟೇ ಮರ್ಯಾದೆ ಬಿಡಿ! ಬಸ್ರಾ ಕಡೆಯ ಮುತ್ತಿಗೆಯಲ್ಲಿ ಸಿಕ್ಕಿಬಿದ್ದು ಆ ಆಳುಗಳು ಗುಂಡು ತಗುಲಿ ಸಾಯಲಿಲ್ಲ, ಹಸಿದು ಸತ್ತರು. ಅವರಲ್ಲೊಬ್ಬನ ತಾಯಿ ಗಿಡ್ಡಮ್ಮ ಈ ಕಲ್ಲಿನ ಬುಡದಲ್ಲಿ ಕರಿಕೋಳಿ ಕುಯ್ದು, ಮೊಳೆ ಹೊಡೆದ ತೆಂಗಿನಕಾಯಿ ಹೂತು, "ನನ್ನ ಮಗನ ಪಾಲು ತಿಂದೋನ ಬಾಯಿಗೆ ಮಣ್ಣು ಬೀಳ್ಲಿ" ಎಂದು ಮಾಟ ಕಟ್ಟಿದ್ದಳಂತೆ. ಅಂದಿನಿಂದ ಪ್ರತಿ ಮಹಾಲಯ ಅಮಾವಾಸ್ಯೆಗೆ ಕೂಲಿಲೈನಿನವರು ಕಲ್ಲಿನ ಮುಂದೆ ಎಡೆ ಇಡುತ್ತಾರೆ. ಕಡುಬು, ಕೋಳಿಸಾರು, ಬೀಡಿ. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ. ಸತ್ತವರು ಉಣ್ಣುವುದನ್ನು ಬದುಕಿದವರು ನೋಡಬಾರದು.

ಪ್ರಶಾಂತನಿಗೆ ಇದೇನೂ ಹೊಸದಲ್ಲ. ವಸ್ತಾರೆಯ ಅವನ ಮನೆಯಲ್ಲೂ ಹಿರಿಯರಿಗೆ ಹೀಗೆಯೇ ಎಡೆ ಇಡುತ್ತಿದ್ದರು. ಆದರೆ ಕೊಬ್ಬು ನೋಡಿ.

"ನಮ್ಮ ಹಿರಿಯರಾದ್ರೆ ಸರಿ ಮಾರಾಯ. ದೊರೆ ಚರ್ಚಿನ ದೆವ್ವಕ್ಕೆ ನಾನ್ಯಾಕೆ ಹೆದರ್ಲಿ? ನಾಳೆ ಗೆಸ್ಟುಗಳು ಉಣ್ಣೋ ಜಾಗ ಇದು. ಇವತ್ತು ನಾನೇ ಶುರು ಮಾಡ್ತೀನಿ."

"ರೀ, ಹಟ ಬೇಡ, ಬನ್ನಿ" ಎಂದು ಹೆಂಡತಿ ದಿವ್ಯಾ ಅಂಗಲಾಚಿದಳು. ಮಗಳು ಭವ್ಯಾ ಅವಳ ಸೆರಗು ಹಿಡಿದುಕೊಂಡಿದ್ದಳು. ಪ್ರಶಾಂತ್ ತಾನೇ ಬಾಗಿಲೆಳೆದು ಅಗುಳಿ ಹಾಕಿಕೊಂಡ.

ಒಳಗೆ ಸಾಂಬ್ರಾಣಿಯ ಹೊಗೆ, ಬಾವಲಿ ಹಿಕ್ಕೆಯ ನಾತ, ಸಾರಿನ ಘಮ ಎಲ್ಲ ಒಟ್ಟಿಗೆ ಕಟ್ಟಿಕೊಂಡಿತ್ತು. ಎಲೆಯ ಮುಂದೆ ಕೂತು ಕಡುಬು ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟ. ರುಚಿಯಾಗಿತ್ತು. ಕೋಳಿಯ ತೊಡೆಯನ್ನೂ ಚೀಪಿ ಮುಗಿಸಿದ.

ಎಡೆಯ ದೀಪ ಆರಿತು.

ಪಕ್ಕದಲ್ಲಿ ಯಾರೋ ಅಗಿಯುತ್ತಿದ್ದರು. ತನ್ನ ಬಾಯಿಯದೇ ಸದ್ದೆಂದುಕೊಂಡ. ಅಗಿಯುವುದು ನಿಲ್ಲಿಸಿದ. ಸದ್ದು ನಿಲ್ಲಲಿಲ್ಲ. ಬರೀ ಹಲ್ಲು. ಹಲ್ಲಿನ ನಡುವೆ ಏನೂ ಇಲ್ಲ. ಎಡಕ್ಕೆ. ಬಲಕ್ಕೆ. ಬೆನ್ನ ಹಿಂದೆ. ಎಲೆ ಸರಕ್ಕೆಂದಿತು. ಒಣಗಿದ ಬೆರಳುಗಳು ಎಲೆ ತಡವುತ್ತಿದ್ದವು. ಬರಿದಾದ ಎಲೆ. ಬೆರಳುಗಳು ಅವನ ಕೈಗೆ ಬಂದವು. ಕುತ್ತಿಗೆಗೆ. ತುಟಿಗೆ. ಬಾಯೊಳಗೆ ನುಗ್ಗಿದವು. ನಾಲಿಗೆಯ ಕೆಳಗೆ, ಗಂಟಲಿನಲ್ಲಿ, ತಮ್ಮ ಪಾಲನ್ನು ಹುಡುಕಿದವು. ಕೂಗಲು ಉಸಿರಿರಲಿಲ್ಲ.

ಹೊರಗಿದ್ದವರು ಬಾಗಿಲು ಒಡೆದು ಅವನನ್ನು ಎಳೆದುಕೊಂಡಾಗ ಅವನ ಬಾಯಿ ತುಂಬ ಮಣ್ಣಿತ್ತು.

ಅಲ್ಲಿಂದಾಚೆಗೆ ಏನು ತಿಂದರೂ ಮಣ್ಣು. ದಿವ್ಯಾ ಕೊಟ್ಟ ಗಂಜಿ ನಾಲಿಗೆಗೆ ತಾಗುತ್ತಲೇ ಮಣ್ಣಾಯಿತು, ಹಾಲೂ ಕೆಸರಾಯಿತು. ಚಿಕ್ಕಮಗಳೂರಿನ ಡಾಕ್ಟರು ಹೊಟ್ಟೆಗೆ ಟ್ಯೂಬು ಇಳಿಸಿ ನೋಡಿ ಏನೂ ಇಲ್ಲವೆಂದರು. ಡ್ರಿಪ್ ಬಾಟಲಿಯೊಳಗಿನ ನೀರೂ ಕೆಮ್ಮಣ್ಣಿನ ಕೆಸರಾದಾಗ ನರ್ಸು ಹೆದರಿ ಸೂಜಿ ಕಿತ್ತಳು. ಎತ್ತಿನಂತಿದ್ದ ಗಂಡಸು ಎಲುಬಿನ ಗೂಡಾಗಿ ಮನೆಗೆ ಬಂದ.

ದಿವ್ಯಾ ಕೂಲಿಲೈನಿಗೇ ಹೋಗಿ ಚೌಡಯ್ಯನ ಕಾಲು ಹಿಡಿದಳು.

"ಬಿಡ್ಸೋದು ನಮ್ಮ ಕೈಲಿಲ್ಲ ಅಮ್ಮಾ. ಎಡೆ ಉಂಡೋರಿಗೆ ಇನ್ನು ಎಡೆನೇ ಊಟ. ಅವ್ರನ್ನ ಚರ್ಚಲ್ಲಿ ಬಿಟ್ಟು ನೀವೇ ದಿನಾ ಇಡ್ಬೇಕು, ಮುಖ ನೋಡಬಾರ್ದು. ಆದ್ರೆ..." ಚೌಡಯ್ಯ ತಲೆ ತಗ್ಗಿಸಿದ. "ಗೌಡ್ರು ಸತ್ರು ಅಂತ ನಿಮ್ಮ ಮನಸ್ಸು ಒಪ್ಬೇಕು. ಬದ್ಕಿದಾರೆ ಅಂತ ಒಂಚೂರು ಆಸೆ ಇದ್ರೂ ಅದೂ ಮಣ್ಣೇ."

ದಿವ್ಯಾ ಗಂಡನ ಫೋಟೋಗೆ ಹಾರ ಹಾಕಿದಳು. ಕುಂಕುಮ ಅಳಿಸಿಕೊಂಡಳು. ಬಳೆ ಒಡೆದುಕೊಂಡಳು. ಚೌಡಯ್ಯನ ಮಾತನ್ನು ಗಂಡನಿಗೂ ತಿಳಿಸಿ, ಅವನನ್ನು ಚರ್ಚಿನಲ್ಲಿ ಬಿಟ್ಟು, ಅಳುತ್ತ ಎಡೆಯಿಟ್ಟು ಬಾಗಿಲು ಮುಚ್ಚಿದಳು. ಎಡೆ ಮಣ್ಣಾಯಿತು. ಮಾರನೆಯ ದಿನವೂ ಮಣ್ಣು. ಮೂಲೆಯಲ್ಲಿ ಬಿದ್ದಿದ್ದ ಪ್ರಶಾಂತ್ ಮಣ್ಣನ್ನು ಉಗುಳುತ್ತ, ಅವಳಿಗಿನ್ನೂ ನನ್ನ ಮೇಲೆ ಆಸೆಯಿದೆ ಎಂದು ಅತ್ತ. ಸಂಕಟವೋ ಸಂತೋಷವೋ, ಅವನಿಗೇ ತಿಳಿಯಲಿಲ್ಲ.

ಒಂದು ಮಧ್ಯಾಹ್ನ ಕಡುಬು ಬಾಯಿಗಿಟ್ಟರೆ, ಅಯ್ಯೋ ದೇವರೇ, ಉಪ್ಪು! ಖಾರ! ಬಿಸಿಬಿಸಿ ಸಾರು! ಎರಡೂ ಕೈಯಲ್ಲಿ ಬಾಚಿ ಬಾಚಿ ತಿಂದ. ಹೊಟ್ಟೆ ಅರ್ಧ ತುಂಬಿದ ಮೇಲೆ ಅವನಿಗೆ ಅರ್ಥವಾಯಿತು. ಕೈ ನಿಂತಿತು.

ಹೊರಗೆ ಭವ್ಯಾ ಏನೋ ಹೇಳಿದಳು. ದಿವ್ಯಾ ನಕ್ಕಳು. ಎಷ್ಟೋ ದಿನದ ಮೇಲೆ ಕೇಳಿದ ನಗು.

"ದಿವ್ಯಾ" ಎಂದು ಕೂಗಲು ಬಾಯಿ ತೆರೆದ. ಬಾಯಿ ತುಂಬ ಕಡುಬಿತ್ತು. ಹಸಿವು ತಡೆಯಲಾಗಲಿಲ್ಲ. ಅಳುತ್ತಲೇ ಅಗಿದು ನುಂಗಿದ, ಎಲೆ ನೆಕ್ಕಿದ.