ಚಿಲಕದ ಈಚೆ

"ಏಯ್, ಕೆರ್ಕೊಳ್ತಿದ್ದೀಯಾ?"

ಚಿಕ್ಕಮ್ಮನ ಕೂಗು ಕೆಳಗಿನ ಅಂಗಡಿಯಿಂದ ಮೆಟ್ಟಿಲು ಹತ್ತಿ ಬಂತು.

"ಇಲ್ಲಪ್ಪ!" ಎಂದಳು ಚುಕ್ಕಿ, ಮೊಣಕೈ ಕೆರೆದುಕೊಳ್ಳುತ್ತಲೇ.

"ಸುಳ್ಳಿ! ನಿನ್ನ ದನಿ ಕೇಳಿದ್ರೇ ಗೊತ್ತಾಗುತ್ತೆ. ಗುಳ್ಳೆ ಒಡೆದ್ರೆ ಕಲೆ ಉಳಿಯುತ್ತೆ ಅಷ್ಟೆ!"

ಆಮೇಲೆ ಮತ್ತೆ ಮಿಕ್ಸಿಯೊಂದು ಗರ್ರ್ ಎಂದು ಅರಚಿತು. ಚಿಕ್ಕಮ್ಮ ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಾಳೆ. ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಅವಳ ಮನೆ. ಈಗ ಆ ಕೋಣೆಯ ಮಂಚದ ಮೇಲೆ ಚುಕ್ಕಿ, ಮೈತುಂಬ ಚಿಕನ್ ಪಾಕ್ಸ್ ಗುಳ್ಳೆಗಳ ಜೊತೆ.

ಹುಟ್ಟಿದಾಗ ಮೂಗಿನ ಮೇಲೊಂದು ಮಚ್ಚೆ ಇತ್ತೆಂದು ಅವಳಿಗೆ ಚುಕ್ಕಿ ಎಂದು ಅಡ್ಡಹೆಸರು ಇಟ್ಟವಳು ಚಿಕ್ಕಮ್ಮನೇ. "ಆಗ ಒಂದೇ ಚುಕ್ಕಿ ಇತ್ತು, ಈಗ ಆಕಾಶವೇ ಇಳಿದು ಬಂದಿದೆ," ಎಂದು ಮೊದಲ ದಿನ ನಗಿಸಲು ನೋಡಿದ್ದಳು. ಚುಕ್ಕಿಗೆ ನಗು ಬಂದಿರಲಿಲ್ಲ.

ಚಿಕ್ಕಮ್ಮನಿಗೆ ಚಿಕ್ಕಂದಿನಲ್ಲೇ ಚಿಕನ್ ಪಾಕ್ಸ್ ಬಂದು ಹೋಗಿತ್ತು. ಅವಳಿಗೆ ಮತ್ತೆ ಅಂಟುವ ಭಯ ಇರಲಿಲ್ಲ. ಅಪ್ಪ ಲಾರಿ ತೆಗೆದುಕೊಂಡು ದೂರ ಹೋಗಿದ್ದ. ಅಮ್ಮ ಮಾತ್ರ ಮನೆಯಲ್ಲೇ ಇದ್ದಳು, ಎರಡು ಬೀದಿ ಆಚೆ. ಆದರೂ ಬರುವಂತಿರಲಿಲ್ಲ.

ಯಾಕೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. "ನೋಡು ಮರಿ, ನಿನ್ನ ಮೈಯಲ್ಲಿ ಕಾವಲುಗಾರರು ಇದ್ದಾರೆ. ಈ ವೈರಸ್ ಅವರಿಗೆ ಹೊಸ ಕಳ್ಳ. ಗುರುತು ಹಿಡಿಯೋಕೆ ಸ್ವಲ್ಪ ಟೈಮ್ ಬೇಕು. ಜ್ವರ ಬಂದಿದೆ ಅಂದ್ರೆ ಅವರು ಡ್ಯೂಟಿಗೆ ಇಳಿದಿದ್ದಾರೆ ಅಂತ. ಒಂದ್ಸಲ ಗುರುತು ಹಿಡಿದರೋ, ಮುಂದೆ ಮರೆಯೋದೇ ಇಲ್ಲ."

"ಅಮ್ಮನ ಮೈಯಲ್ಲಿ ಇಲ್ವಾ ಕಾವಲುಗಾರರು?"

"ಇದ್ದಾರೆ. ಆದರೆ ನಿಮ್ಮ ಚಿಕ್ಕಮ್ಮ ಅಮ್ಮನಿಗೆ ತನ್ನದೊಂದು ಕಿಡ್ನಿ ಕೊಟ್ಟಿದ್ದಾಳಲ್ಲ? ಇದು ಹೊರಗಿನದು ಅಂತ ಕಾವಲುಗಾರರು ಅದರ ಜೊತೆಗೂ ಜಗಳಕ್ಕೆ ನಿಲ್ತಾರೆ. ಅದಕ್ಕೇ ದಿನಾ ಮಾತ್ರೆ ಕೊಟ್ಟು ಅವರನ್ನ ತೂಕಡಿಸೋ ಹಾಗೆ ಇಟ್ಟಿದ್ದೀವಿ. ಅಂಥ ಹೊತ್ತಲ್ಲಿ ನಿಜವಾದ ಕಳ್ಳ ಬಂದ್ರೆ?"

ಅಮ್ಮನಿಗೆ ಒಮ್ಮೆಯೂ ಚಿಕನ್ ಪಾಕ್ಸ್ ಬಂದಿರಲಿಲ್ಲ. ಗುಳ್ಳೆ ಏಳುವ ಮುಂಚಿನ ರಾತ್ರಿಯಷ್ಟೇ ಚುಕ್ಕಿ ಅವಳನ್ನು ತಬ್ಬಿಕೊಂಡು ಮಲಗಿದ್ದಳು. ಆಗಲೇ ಅಂಟಿದ್ದರೆ ಎಂದು ಡಾಕ್ಟರಮ್ಮ ಅಮ್ಮನಿಗೆ ಇಂಜೆಕ್ಷನ್ ಕೊಟ್ಟಿದ್ದರು. ಈ ರೋಗ ಬಂದು ಗೆದ್ದವರ ರಕ್ತದಿಂದ ತೆಗೆದ, ಎರವಲು ಕಾವಲಂತೆ ಅದು. ಅದೂ ಸಾಲದೆ ಹೋಗಬಹುದು, ಎಲ್ಲ ಗುಳ್ಳೆಯೂ ಒಣಗಿ ಹಕ್ಕಳೆ ಕಟ್ಟುವವರೆಗೆ ದೂರವೇ ಇರಬೇಕು ಎಂದಿದ್ದರು.

ಕೇಳುವಾಗ ಎಲ್ಲ ಸರಿಯೆನಿಸಿತ್ತು. ಆದರೆ ಒಬ್ಬಳೇ ಮಲಗಿದಾಗ ಯಾವುದೂ ಸರಿಯೆನಿಸುತ್ತಿರಲಿಲ್ಲ. ಬೆಳಗ್ಗೆ ಸ್ಕೂಲಿಗೆ ಹೋಗುವವರ ಗಲಾಟೆ ಬೀದಿಯಿಂದ ಕೇಳಿಸುತ್ತಿತ್ತು. ಅದು ಮುಗಿದ ಮೇಲೆ ಮಿಕ್ಸಿ. ಮಿಕ್ಸಿ ನಿಂತರೆ ಏನೂ ಇಲ್ಲ. ಗೋಡೆಯಲ್ಲಿ ಸುಣ್ಣ ಉದುರಿದ ಕಡೆ ಒಂದು ಆನೆ, ಒಂದು ಮುರುಕು ಛತ್ರಿ ಕಾಣಿಸುತ್ತಿತ್ತು. ಅವನ್ನೂ ನೋಡಿ ನೋಡಿ ಸಾಕಾಗಿತ್ತು.

ಆವತ್ತು ಮಧ್ಯಾಹ್ನ ಅಮ್ಮ ಫೋನ್ ಮಾಡಿದಾಗ ಚುಕ್ಕಿಯ ಮೈ ಕಾದ ಕಾವಲಿಯಂತಿತ್ತು.

"ಊಟ ಮಾಡಿದ್ಯಾ ಕಂದ?"

"ಸೇರಲ್ಲ. ಬಾಯಲ್ಲೂ ಗುಳ್ಳೆ."

"ಅಯ್ಯೋ... ತಣ್ಣಗೆ ಹಾಲಾದ್ರೂ ಕುಡಿ."

"ನೀನು ಬಂದು ಕುಡಿಸು."

"ಗುಳ್ಳೆ ಎಲ್ಲ ಒಣಗಲಿ ಕಂದ, ಆಮೇಲೆ..."

"ಎಲ್ಲಾರ ಅಮ್ಮಂದಿರೂ ಜ್ವರ ಬಂದ್ರೆ ಪಕ್ಕದಲ್ಲೇ ಕೂತಿರ್ತಾರೆ. ನಿಂಗೆ ನಾನು ಬೇಡ. ನಾನಿನ್ನು ಮನೆಗೇ ಬರಲ್ಲ, ಹೋಗು!"

ಚುಕ್ಕಿ ಫೋನ್ ಕಟ್ ಮಾಡಿ ದಿಂಬಿನ ಕೆಳಗೆ ತುರುಕಿದಳು. ಅದು ಮತ್ತೆ ಮತ್ತೆ ರಿಂಗಾಯಿತು. ಅವಳು ಎತ್ತಲಿಲ್ಲ.

ಸ್ವಲ್ಪ ಹೊತ್ತಿಗೆ ಚಿಕ್ಕಮ್ಮ ಮೇಲೆ ಬಂದು, ಜ್ವರದ ಔಷಧಿ ಕುಡಿಸಿ, ಗುಳ್ಳೆಗಳಿಗೆ ತಣ್ಣನೆಯ ಲೋಷನ್ ಹಚ್ಚಿದಳು. "ಪಕ್ಕದ ರಸ್ತೆಗೆ ಹೋಗಿ ಫ್ಯಾನ್ ಕೊಟ್ಟು ಬರ್ತೀನಿ. ಯಾರಿಗೂ ಬಾಗಿಲು ತೆಗೀಬೇಡ," ಎಂದು ಹೇಳಿ ಇಳಿದು ಹೋದಳು. ಶಟರ್ ಎಳೆದ ಸದ್ದು ಕೇಳಿಸಿತು.

ಚುಕ್ಕಿಗೆ ಮಂಪರು ಹತ್ತಿತ್ತು. ಅಂಗಡಿಯ ಪಕ್ಕದ ಹೊರಮೆಟ್ಟಿಲ ಮೇಲೆ ಹೆಜ್ಜೆ ಕೇಳಿದಾಗ ಚಿಕ್ಕಮ್ಮ ಎಂದುಕೊಂಡಳು. ಅಲ್ಲ. ಚಿಕ್ಕಮ್ಮ ಎರಡೆರಡು ಮೆಟ್ಟಿಲು ಹಾರಿ ಬರುತ್ತಾಳೆ. ಈ ಹೆಜ್ಜೆಗಳು ನಿಧಾನ, ನಡುನಡುವೆ ಉಸಿರಿಗಾಗಿ ನಿಲ್ಲುತ್ತಿದ್ದವು.

"ಚುಕ್ಕೀ..."

ಚುಕ್ಕಿ ಎದ್ದು ಓಡಿದಳು. ಚಿಕ್ಕಮ್ಮ ಹೋದ ಮೇಲೆ ಅವಳು ಚಿಲಕ ಹಾಕಿರಲಿಲ್ಲ, ಬಾಗಿಲು ಬರೀ ಮುಂದಕ್ಕೆ ಎಳೆದಿತ್ತು. ಸಂದಿಯಲ್ಲಿ ಅಮ್ಮನ ಹಸಿರು ಸೀರೆಯ ಅಂಚು ಕಾಣಿಸಿತು.

"ಮಾಸ್ಕ್ ಹಾಕ್ಕೊಂಡಿದ್ದೀನಿ ಕಂದ. ಒಂದೇ ಒಂದ್ಸಲ ಮುಖ ನೋಡಿ ಹೋಗಿಬಿಡ್ತೀನಿ. ಚಿಕ್ಕಮ್ಮನಿಗೆ ಹೇಳ್ಬೇಡ, ಬೈತಾಳೆ."

ಬಾಗಿಲು ಒಳಕ್ಕೆ ಅಲುಗಿತು. ಇನ್ನೊಂದು ಗೇಣು ತೆರೆದರೆ ಅಮ್ಮನ ಕೈ, ಅಮ್ಮನ ಮಡಿಲು.

ಚುಕ್ಕಿ ಎರಡೂ ಕೈಯಿಂದ ಬಾಗಿಲು ನೂಕಿ ಚಿಲಕ ಹಾಕಿದಳು.

"ಚುಕ್ಕಿ? ಇನ್ನೂ ಕೋಪಾನಾ?"

"ಕೋಪ ಇಲ್ಲ." ಚುಕ್ಕಿ ಚಿಲಕವನ್ನು ಒತ್ತಿ ಹಿಡಿದಳು. "ಬರಬೇಡ ಅಮ್ಮ. ಗಾಳೀಲೂ ಬರುತ್ತಂತೆ ಇದು. ಕೆಳಗೆ ಹೋಗು."

"ಒಂದು ನಿಮಿಷ..."

"ಬೇಡ ಅಂದ್ನಲ್ಲ!"

ಬಾಗಿಲ ಕೆಳಗಿನ ಸಂದಿಯಲ್ಲಿ ಅಮ್ಮನ ಪಾದಗಳ ನೆರಳು ಕಾಣುತ್ತಿತ್ತು. ಚುಕ್ಕಿ ಹೊದಿಕೆ ಎಳೆದು ತಂದು, ಮಂಡಿಯೂರಿ, ಸಂದಿಯ ಉದ್ದಕ್ಕೂ ಒತ್ತಿ ತುರುಕಿದಳು. ನೆರಳು ಕಾಣದಾಯಿತು. ಬಾಯಿ ಮುಚ್ಚಿಕೊಂಡು ಅತ್ತಳು. ಸದ್ದು ಕೇಳಿದರೆ ಅಮ್ಮ ಹೋಗುವುದಿಲ್ಲ.

ಆಮೇಲೆ, "ಹಾಲು ಕುಡಿ, ಆಯ್ತಾ?" ಎಂದಿತು ಅಮ್ಮನ ದನಿ. ಹೆಜ್ಜೆಗಳು ಒಂದೊಂದಾಗಿ ಇಳಿದುಹೋದವು.

ಮರುದಿನವೇ ಚುಕ್ಕಿಯ ಜ್ವರ ಇಳಿಯಿತು. ಹೊಟ್ಟೆಯ ಮೇಲಿನ ಗುಳ್ಳೆಗಳು ಒಣಗತೊಡಗಿದವು. ಅಮ್ಮನಿಗೆ ಏನೂ ಅಂಟಲಿಲ್ಲ ಎಂದು ಡಾಕ್ಟರಮ್ಮ ಖಚಿತವಾಗಿ ಹೇಳಲು ಮಾತ್ರ ಎಷ್ಟೋ ವಾರ ಹಿಡಿಯಿತು. ಆದರೆ ಆ ಮಧ್ಯಾಹ್ನ ಇದೊಂದೂ ಚುಕ್ಕಿಗೆ ಗೊತ್ತಿರಲಿಲ್ಲ.

ಅವಳು ಮುಖ ಒರೆಸಿಕೊಂಡು ಕೋಣೆಯ ಇನ್ನೊಂದು ಬದಿಗೆ, ಬೀದಿ ಕಡೆಯ ಬಾಲ್ಕನಿಗೆ ಬಂದಳು. ಅಮ್ಮ ರಸ್ತೆ ದಾಟಿ ಎದುರಿನ ಲೈಟ್ ಕಂಬದ ಪಕ್ಕ ನಿಂತಿದ್ದಳು. ಮಾಸ್ಕಿನ ಮೇಲೆ ಕಣ್ಣುಗಳಷ್ಟೇ. ಇಷ್ಟು ದೂರದಿಂದ ಅವೂ ಸರಿಯಾಗಿ ಕಾಣುತ್ತಿರಲಿಲ್ಲ. ಚುಕ್ಕಿ ಕೈ ಎತ್ತಿದಳು. ಅಮ್ಮನೂ ಎತ್ತಿದಳು.

ಬಸ್ಸೊಂದು ಅಡ್ಡ ಬಂದು ಹೋಯಿತು. ಅಮ್ಮ ಅಲ್ಲೇ ಇದ್ದಳು. ಸುಡುಬಿಸಿಲು. ಅಮ್ಮ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದಳು. ಕಂಬ ಹಿಡಿದುಕೊಂಡಳು. ಆದರೂ ಹೊರಡಲಿಲ್ಲ.

ತಾನು ಇಲ್ಲಿ ನಿಂತಿರುವಷ್ಟು ಹೊತ್ತೂ ಅವಳು ಹೋಗುವುದಿಲ್ಲ.

ಚುಕ್ಕಿ ಇನ್ನೊಮ್ಮೆ ಕಣ್ತುಂಬ ನೋಡಿದಳು. ಆಮೇಲೆ ತಾನೇ ಮೊದಲು ಬೆನ್ನು ತಿರುಗಿಸಿ ಒಳಗೆ ಬಂದಳು.