ಕಿವಿಯೊಳಗಿನ ಶಿಳ್ಳೆ

ಹೆಣ್ಣು ನೋಡಲು ಬರುವವರಿದ್ದ ಭಾನುವಾರವೇ ಅಹಲ್ಯಾಳ ಎರಡು ಕಿವಿಗಳೂ ಮುಷ್ಕರ ಹೂಡಿದ್ದವು.

ಕಿವಿಯೊಳಗೆ ಕುಕ್ಕರ್ ಶಿಳ್ಳೆ ಹೊಡೆದು ನಿಲ್ಲಿಸದಂತೆ ಒಂದೇ ಸಮನೆ ಸದ್ದು. ಹೊರಗಿನ ಮಾತೆಲ್ಲ ಹತ್ತಿಯಲ್ಲಿ ಸುತ್ತಿಟ್ಟ ಹಾಗೆ ದೂರ. ಅಡುಗೆಮನೆಯಲ್ಲಿ ಅಮ್ಮ ಶಾರದಾ ತುಟಿ ಆಡಿಸುತ್ತಿದ್ದರು. ಅಹಲ್ಯಾ ಅಂದಾಜಿನ ಮೇಲೆ ತಲೆಯಾಡಿಸುತ್ತಿದ್ದಳು.

ತಪ್ಪು ಅವಳದೇ. ಹಿಂದಿನ ಸಂಜೆ ಆಸ್ಪತ್ರೆಯಲ್ಲಿ ಡ್ಯೂಟಿ ಎಂದು ಸುಳ್ಳು ಹೇಳಿ ಬ್ರಿಸ್ಬೇನ್ ಪೇಟೆಯ ಒಂದು ಹಾಲ್‌ಗೆ ಹೋಗಿದ್ದಳು. ಊರ ಹುಡುಗರ ತಂಡವೊಂದು ಐರನ್ ಮೇಡನ್, ಸ್ಯಾಕ್ಸನ್ ಎಂಬ ತಂಡಗಳ ಕಿವಿಗಡಚಿಕ್ಕುವ ಹೆವಿ ಮೆಟಲ್ ಹಾಡುಗಳನ್ನು ನುಡಿಸುತ್ತಿತ್ತು. ಅಸಲಿ ತಂಡಗಳೆಲ್ಲ ಇಂಗ್ಲೆಂಡಿನಲ್ಲಿ. ಇಲ್ಲಿನವರಿಗೆ ನಕಲೇ ಹಬ್ಬ. ಆಳೆತ್ತರದ ಸ್ಪೀಕರಿನ ಮುಂದೆಯೇ ನಿಂತು ಕುಣಿದಿದ್ದಳು. ಡಾಕ್ಟರಾದವಳಿಗೆ ಅಷ್ಟೂ ಬುದ್ಧಿ ಬೇಡವೇ ಎಂದು ಕೇಳಬಹುದು. ಬೇಡ. ಇಪ್ಪತ್ತೈದರ ಹರೆಯದಲ್ಲಿ ಬುದ್ಧಿ ಇಟ್ಟುಕೊಂಡು ಯಾರು ಉದ್ಧಾರವಾಗಿದ್ದಾರೆ?

ಅದು 1983. ಅವರು ಬ್ರಿಸ್ಬೇನಿನ ರನ್‌ಕಾರ್ನ್ ಬಡಾವಣೆಗೆ ಬಂದು ವರ್ಷವೂ ಆಗಿರಲಿಲ್ಲ. ಅಪ್ಪ, ಡಾಕ್ಟರ್ ನಂಜುಂಡಸ್ವಾಮಿ, ಪರ್ತ್‌ನ ಕ್ಲಿನಿಕ್ ಬಿಟ್ಟು ಹೊರಟಾಗ ಅಹಲ್ಯಾಳ ಅರ್ಧ ಜೀವ ಅಲ್ಲಿನ ಮೋರ್ಲಿ ಬಡಾವಣೆಯಲ್ಲೇ ಉಳಿದಿತ್ತು. ಕಾಲೇಜಿನ ದಿನಗಳಲ್ಲಿ ಅಲ್ಲಿನ ರೆಕಾರ್ಡ್ ಅಂಗಡಿಯ ಕೌಂಟರಿನಲ್ಲಿ ಶನಿವಾರದ ಕೆಲಸ ಮಾಡುತ್ತಿದ್ದಳು. ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ಪೆಟ್ಟಿಗೆ ಒಡೆದಾಗ ಹೊಸ ರಟ್ಟಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಮಲ್ಲಿಗೆ ಪೊಟ್ಟಣ ಬಿಚ್ಚಿದರೂ ಅವಳಿಗೆ ಅಷ್ಟು ಸುಖವಾಗುತ್ತಿರಲಿಲ್ಲ. ಗರ್ಲ್‌ಸ್ಕೂಲ್ ಎಂಬ ತಂಡದ ಹುಡುಗಿಯರನ್ನು ಮೊದಲು ಕಂಡದ್ದು ಅಂಥ ಪೆಟ್ಟಿಗೆಯ ರೆಕಾರ್ಡೊಂದರ ಹೊದಿಕೆಯ ಮೇಲೆ. ಗಿಟಾರ್ ಹಿಡಿದು, ಯಾರಿಗೂ ತಲೆ ತಗ್ಗಿಸದೆ ನಿಂತವರು. ಅವತ್ತು ಮನೆಗೆ ಹೋಗುವ ಬಸ್ಸಿನಲ್ಲಿ ಅವಳೂ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು.

ಈಗ ಅದೇ ಬೆನ್ನನ್ನು ಬಗ್ಗಿಸಿ, ಉಪ್ಪಿಟ್ಟಿನ ತಟ್ಟೆ ಹಿಡಿದು ಹಾಲ್‌ಗೆ ಬಂದಳು.

ಸೋಫಾದಲ್ಲಿ ಹುಡುಗ ಉಮಾಕಾಂತ, ಅಡಿಲೇಡಿನಲ್ಲಿ ಕಿವಿ-ಮೂಗು-ಗಂಟಲಿನ ಡಾಕ್ಟರು. ಪಕ್ಕದಲ್ಲಿ ಅವನ ಅಕ್ಕ ಪದ್ಮಾ. ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಮೈಸೂರಿನಿಂದ ಕರೆಸಿಕೊಂಡು ಓದಿಸಿ ಮನುಷ್ಯನನ್ನಾಗಿ ಮಾಡಿದ್ದು ಅವಳೇ. ಅವಳು ಗೆರೆ ಎಳೆದರೆ ಅವನು ದಾಟುವವನಲ್ಲ ಎಂದು ಸಂಬಂಧ ತಂದವರೇ ಹೇಳಿದ್ದರು.

ಪದ್ಮಾಳ ದನಿಯೂ ಅವಳ ಸೀರೆಯಷ್ಟೇ ನಯ. ಹಾಡು ಕಲಿತಿದ್ದೀಯಾ ಎಂದಳಂತೆ. ಅಹಲ್ಯಾ ನಕ್ಕಳು. ಆಸ್ಪತ್ರೆ ಎಷ್ಟು ದೂರ ಎಂದಳಂತೆ. ಅದಕ್ಕೂ ನಕ್ಕಳು. ಅಮ್ಮನ ಮುಖ ಮಜ್ಜಿಗೆಯಂತೆ ಬಿಳಿಚಿಕೊಂಡಿತು.

"ಉಪ್ಪಿಟ್ಟು ತುಂಬಾ ಚೆನ್ನಾಗಿದೆ ಅಂಕಲ್," ಎಂದ ಉಮಾಕಾಂತ, ಕಿಟಕಿ ಗಾಜು ಅದುರುವಂತೆ.

ಎಲ್ಲರೂ ಬೆಚ್ಚಿದರು. ಅಹಲ್ಯಾ ಮಾತ್ರ ತಲೆಯೆತ್ತಿದಳು. ಅಷ್ಟು ಜನರ ನಡುವೆ ಅವಳನ್ನು ತಲುಪಿದ್ದು ಅದೊಂದೇ ದನಿ. ಅವನೂ ಅವಳನ್ನೇ ನೋಡುತ್ತಿದ್ದ. ಹೆಣ್ಣು ನೋಡುವವನ ನೋಟವಾಗಿರಲಿಲ್ಲ ಅದು. ಎಲ್ಲೋ ಕಂಡ ಹಾಗಿದೆಯಲ್ಲ ಎಂದು ಹುಡುಕುವ ನೋಟ.

ಇಬ್ಬರೇ ಮಾತಾಡಿಕೊಳ್ಳಲಿ ಎಂದು ಅವರನ್ನು ಹಿತ್ತಲಿಗೆ ಕಳಿಸಿದರು. ಜಕರಂಡಾ ಮರ ಹೂ ಉದುರಿಸಿ ನೆಲವನ್ನೆಲ್ಲ ನೇರಳೆ ಮಾಡಿತ್ತು. ಅವನು ಏನೋ ಕೇಳಿದ. ಅವಳು ಕಿವಿ ಮುಂದೆ ತಂದಳು. ಅವಳು ಏನೋ ಹೇಳಿದಳು. ಅವನೂ ಕಿವಿ ಮುಂದೆ ತಂದ. ಕೆನ್ನೆಗೆ ಕೆನ್ನೆ ತಾಗುವಷ್ಟು ಹತ್ತಿರವಾದದ್ದು ಗೊತ್ತಾಗಿ ಇಬ್ಬರೂ ಹಿಂದೆ ಸರಿದರು.

ಅವನು ಕಣ್ಣು ಕಿರಿದು ಮಾಡಿದ. "ಎರಡು ಕಿವೀಲೂ ಶಿಳ್ಳೆನಾ?"

"ಹೂಂ. ನಿನ್ನೆ ಡ್ಯೂಟಿ ಮುಗಿದಾಗಿಂದ."

"ಯಾವ ವಾರ್ಡಲ್ರೀ ಆಂಪ್ಲಿಫೈಯರ್ ಇಟ್ಟಿರ್ತಾರೆ?"

ಅಹಲ್ಯಾಳ ಕುತ್ತಿಗೆಯಿಂದ ಬಿಸಿ ಮೇಲೇರಿತು. ಅವನು ತುಟಿ ಕಚ್ಚಿ ನಗು ತಡೆಯುತ್ತಿದ್ದ.

"ಹೆದರ್ಕೋಬೇಡಿ. ನಂಗೂ ಅದೇ ಕಾಯಿಲೆ. ಬಲಗಡೆ ಸ್ಪೀಕರ್."

"ನಾನು ಎಡಗಡೆ," ಎಂದಳು ಅವಳು, ದನಿ ಅವಳಿಗೇ ಕೇಳದಷ್ಟು ಸಣ್ಣಗೆ. ಆಮೇಲೆ ಕೂಗಿ ಹೇಳಿದಳು.

"ಏರ್‌ಪೋರ್ಟಿಂದ ಬರ್ತಾ ದಾರೀಲಿ ಪೋಸ್ಟರ್ ಕಂಡೆ. ಅಕ್ಕಂಗೆ ಫ್ರೆಂಡ್ ಮನೆ ಅಂತ ಹೇಳಿ ಓಡಿಬಂದ್ಬಿಟ್ಟೆ."

"ಅಂದ್ರೆ ಮೊದಲು ಸ್ಯಾಕ್ಸನ್, ಆಮೇಲೆ ಹೆಣ್ಣು."

"ನೀವೇನು ಕಮ್ಮಿನಾ?"

ಅವಳು ನಕ್ಕಳು. ಬೆಳಗಿನಿಂದ ಅಂದಾಜಿನ ಮೇಲೆ ನಗುತ್ತಿದ್ದವಳು ಈಗ ನಿಜವಾಗಿ ನಕ್ಕಳು. "ನಿಮ್ಮ ಫೇವರಿಟ್ ಬ್ಯಾಂಡ್ ಯಾವುದು?"

"ಡೈಮಂಡ್ ಹೆಡ್."

"ಬದುಕಿದ್ರಿ. ಅಮೆರಿಕಕ್ಕೆ ಮಾರಿಕೊಂಡ ಡೆಫ್ ಲೆಪರ್ಡ್ ಅಂದಿದ್ರೆ ಒಳಗೆ ಹೋಗ್ಬಿಡ್ತಿದ್ದೆ."

"ಮೊದಲು ಅವರೂ ಚೆನ್ನಾಗೇ ಇದ್ರು ಕಣ್ರೀ."

"ಮೊದಲು ಎಲ್ಲಾರೂ ಚೆನ್ನಾಗೇ ಇರ್ತಾರೆ."

ಅಡಿಲೇಡಿಗೆ ಇಂಗ್ಲೆಂಡಿನ ಸಂಗೀತ ಪತ್ರಿಕೆ ಹಡಗಿನಲ್ಲಿ ತಿಂಗಳುಗಟ್ಟಲೆ ತಡವಾಗಿ ಬರುತ್ತಿತ್ತೆಂದು ಅವನು ಹೇಳಿದ. "ನಾನು ಒಂದು ಬ್ಯಾಂಡನ್ನ ಇಷ್ಟಪಡೋ ಹೊತ್ತಿಗೆ ಅಲ್ಲಿ ಅವರು ಜಗಳ ಆಡಿ ಬೇರೆ ಆಗಿರ್ತಿದ್ರು. ಎಲ್ಲದಕ್ಕೂ ಲೇಟ್ ನಾನು." ಅವನ ಕಣ್ಣು ಅವಳ ಕಿವಿಯ ಓಲೆಯ ಮೇಲೆ ಕ್ಷಣ ನಿಂತಿತು. "ಈ ಸಲ ಲೇಟ್ ಆಗಿಲ್ಲ ಅನ್ಸುತ್ತೆ."

ಇದು ಮಾತ್ರ ಅವಳಿಗೆ ತುಂಬ ಚೆನ್ನಾಗಿ ಕೇಳಿಸಿತು.

ಒಳಗೆ ಬಂದರೆ ಮನೆ ಬೆಂಕಿಯಾಗಿತ್ತು. ಅಪ್ಪನ ಮುಖ ಕೆಂಪಗಾಗಿತ್ತು. ಪದ್ಮಾ ಈಗ ದನಿ ಏರಿಸಿದ್ದಳು.

"ಹುಡುಗಿಗೆ ಕಿವಿ ಮಂದ ಅಂತ ಮೊದಲೇ ಹೇಳಬಹುದಿತ್ತು ಅಂದೆ, ಅಷ್ಟೇ. ಉಮಾ, ಇದು ನಿನ್ನದೇ ಕಸುಬು. ಎಲ್ಲರ ಎದುರಿಗೆ ಹೇಳು, ಇವಳ ಕಿವಿ ಸರಿಯಿದೆಯೋ ಇಲ್ಲವೋ?"

ಉಮಾಕಾಂತ ಅಕ್ಕನನ್ನು ನೋಡಿದ, ಅಹಲ್ಯಾಳನ್ನು ನೋಡಿದ. "ಶೀತ ಅಕ್ಕ. ಎರಡು ದಿನದಲ್ಲಿ ಸರಿಹೋಗುತ್ತೆ."

ಅವನು ಅವಳ ಮಾನ ಉಳಿಸಿದ್ದ. ಅಮ್ಮ ನಿರಾಳವಾಗಿ ಉಸಿರು ಬಿಟ್ಟರು. ಅಹಲ್ಯಾ ಸುಮ್ಮನಿದ್ದರೆ ಮದುವೆ ಅಲ್ಲೇ ನಿಶ್ಚಯವಾಗುತ್ತಿತ್ತು. ಆದರೆ ಆ ಸುಳ್ಳಿನ ಆಚೆಗೆ ಅವಳಿಗೊಂದು ಮನೆ ಕಂಡಿತು. ಮಂಚದ ಕೆಳಗೆ ನೂಕಿದ ರೆಕಾರ್ಡುಗಳು. ಪದ್ಮಾ ಬಂದಾಗ ಆರಿಸುವ ಸ್ಟೀರಿಯೋ. ಸಾಯುವವರೆಗೂ ಡ್ಯೂಟಿ ಎಂದು ಹೇಳಿ ಹೋಗುವ ಸಂಜೆಗಳು. ಅವಳಿಗೆ ಸಿಟ್ಟು ಬಂತು, ಅವನ ಮೇಲಲ್ಲ.

"ಶೀತ ಅಲ್ಲ," ಎಂದಳು. "ಅಪ್ಪಾ, ನಿನ್ನೆ ಡ್ಯೂಟಿ ಇರಲಿಲ್ಲ. ಹೆವಿ ಮೆಟಲ್ ಕೇಳೋಕೆ ಹೋಗಿದ್ದೆ. ಸ್ಪೀಕರ್ ಮುಂದೆ ನಿಂತಿದ್ದೆ. ಇನ್ನು ಮುಂದೆಯೂ ಹೋಗ್ತೀನಿ."

ಅವನ ಹೆಸರು ಎತ್ತಲಿಲ್ಲ. ಎತ್ತಬಹುದಿತ್ತು. ಬಾಯಿ ಬಿಡುವುದು, ಬಿಡದಿರುವುದು ಅವನಿಗೆ ಬಿಟ್ಟದ್ದು.

ಅಪ್ಪ ಏನೋ ಗುಡುಗಿದರು. ಅವಳಿಗೆ ಅದು ದೂರದ ರೈಲಿನಂತೆ ಕೇಳಿಸಿತು. ಅವಳು ನೋಡುತ್ತಿದ್ದುದು ಉಮಾಕಾಂತನ ಬೂಟುಗಳನ್ನು. ಅವು ಅಕ್ಕನ ಪಕ್ಕದಲ್ಲಿ ನೆಟ್ಟ ಹಾಗೆ ನಿಂತಿದ್ದವು. ನಿಂತೇ ಇದ್ದವು. ಆಮೇಲೆ ಕಾರ್ಪೆಟ್ ದಾಟಿ ಬಂದು ಅವಳ ಚಪ್ಪಲಿಯ ಪಕ್ಕ ನಿಂತವು.

"ನಾನೂ ಅಲ್ಲೇ ಇದ್ದೆ ಅಕ್ಕ. ಫ್ರೆಂಡ್ ಮನೆಗೆ ಹೋಗಿರಲಿಲ್ಲ. ಬೆಳಗ್ಗೆಯಿಂದ ನಂಗೂ ಏನೂ ಕೇಳಿಸ್ತಿಲ್ಲ. ನೀನು ಬೈದರೂ ಕೇಳಿಸಲ್ಲ."

ಪದ್ಮಾ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಪರ್ಸ್ ಎತ್ತಿಕೊಂಡು, ಹೊಸ್ತಿಲು ದಾಟಿ, ಹೊರಗೆ ಕಾಯುತ್ತಿದ್ದ ಟ್ಯಾಕ್ಸಿಯಲ್ಲಿ ಕೂತಳು. ಅವನು ಹಿಂದೆ ಹೋದ. ಹೋಗುವಾಗ ತಿರುಗಿ ಏನೋ ಹೇಳಿದ. ಟ್ಯಾಕ್ಸಿಯ ಸದ್ದಿನಲ್ಲಿ ಅವನ ತುಟಿಯನ್ನಷ್ಟೇ ಕಂಡಳು.

ಅಪ್ಪ ಮಾತು ಬಿಟ್ಟರು. ಅಮ್ಮ ಮಾತ್ರ ರಾಶಿ ಪಾತ್ರೆ ಉಜ್ಜುತ್ತ, "ಹೋಗಿದ್ದು ಹೋದೆ, ಸ್ವಲ್ಪ ದೂರ ನಿಂತ್ಕೋಬಾರದಿತ್ತೇನೇ?" ಎಂದರು. ಅಹಲ್ಯಾ ಆಸ್ಪತ್ರೆಗೆ ಹೋದಳು, ಬಂದಳು. ಶಿಳ್ಳೆ ದಿನದಿನಕ್ಕೆ ತೆಳ್ಳಗಾಗುತ್ತಿತ್ತು. ಅದು ಪೂರ್ತಿ ನಿಂತರೆ ಆ ಭಾನುವಾರವೂ ಮುಗಿದುಹೋದಂತೆ ಎಂದು ಅವಳಿಗೆ ಒಳಗೊಳಗೇ ಭಯ.

ಬುಧವಾರ ಸಂಜೆ ಫೋನ್ ಬಂತು. ಎತ್ತಿದ ಅಪ್ಪ ಬಹಳ ಹೊತ್ತು ಆ ಕಡೆಯ ಮಾತು ಕೇಳಿಸಿಕೊಂಡರು. ಆಮೇಲೆ ಅವಳ ಕಡೆ ರಿಸೀವರ್ ಚಾಚಿ, "ಅಡಿಲೇಡ್," ಎಂದಷ್ಟೇ ಹೇಳಿ ವರಾಂಡಕ್ಕೆ ನಡೆದರು. ಮೂರು ದಿನದಲ್ಲಿ ಅವರಾಡಿದ ಮೊದಲ ಮಾತು.

"ಹಲೋ," ಎಂದಿತು ಆ ಕಡೆಯ ದನಿ.

"ಯಾರು?"

"ಉಮಾಕಾಂತ."

ಅವಳು ಗೋಡೆಗೆ ಒರಗಿದಳು. ಕಿರುಚಿದ್ದನ್ನಷ್ಟೇ ಕೇಳಿದ್ದಳು ಅವಳು. ಅವನ ನಿಜವಾದ ದನಿ ಇಷ್ಟು ಮೆತ್ತಗೆ, ಇಷ್ಟು ತಗ್ಗಿನಲ್ಲಿ, ಹೆಬ್ಬೆರಳಿನಿಂದ ಗಿಟಾರಿನ ದಪ್ಪ ತಂತಿಯನ್ನು ಸವರಿದ ಹಾಗೆ ಇರುತ್ತದೆಂದು ಅವಳಿಗೆ ಹೇಗೆ ಗೊತ್ತಿರಬೇಕು?

"ಅಕ್ಕ ಇನ್ನೂ ಮಾತಾಡ್ತಿಲ್ಲ," ಎಂದ. "ಅವಳು ಒಪ್ಪೋವರೆಗೂ ಕಾಯ್ತೀನಿ ಅಂದೆ. ಬಿಟ್ಬಿಡ್ತೀನಿ ಅನ್ನಲಿಲ್ಲ. ನಿಮ್ಮ ತಂದೆಗೂ ಅದನ್ನೇ ಹೇಳಿದೆ. ಈಗ ನಿಮ್ಮನ್ನ ಕೇಳ್ತಿದೀನಿ. ನನ್ನ ಮದುವೆ ಆಗ್ತೀರಾ?"

ಅಹಲ್ಯಾ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡಳು.

"ಇನ್ನೊಂದ್ಸಲ ಹೇಳಿ."

"ಕಿವಿ ಇನ್ನೂ ಸರಿಹೋಗಿಲ್ವಾ?"

"ಬೆಳಗ್ಗೆನೇ ಸರಿಹೋಯ್ತು," ಎಂದಳು ಅವಳು. "ನೀವು ಹೇಳಿ."