ಕನ್ನಡ ಬಾರದವರ ಮುಂದೆ

"ಬಾಯಿ ತೆಗಿಯೋ ಮಗನೇ!"

ಮೇಸ್ತ್ರಿ ಸೀತಾರಾಮ ಬಾಟಲಿಯನ್ನು ಆ ಕೂಲಿಯವನ ತುಟಿಗೆ ಗುದ್ದಿದ. ತುಟಿ ಒಡೆಯಿತು. ರಕ್ತ ಚಿಮ್ಮಿತು. ಬಾಯಿ ಮಾತ್ರ ತೆರೆಯಲಿಲ್ಲ!

ತೆಲುಗು ಸೀಮೆಯ ಕುಷಾಯಿಗೂಡದ ಆ ಅಪಾರ್ಟ್‌ಮೆಂಟಿಗೆ ಅಂದು ಸ್ಲ್ಯಾಬ್ ಹಾಕಿ ಮುಗಿದಿತ್ತು. ಸ್ಲ್ಯಾಬಿನ ಸಂಜೆ ಕೂಲಿಗಳಿಗೆ ಕೋಳಿ, ಸೆರೆ. ಮೊದಲ ಬಾಂಡಲಿ ಕಾಂಕ್ರೀಟು ಹೊತ್ತವನೇ ಮೊದಲ ಗುಟುಕು ಕುಡಿಯಬೇಕು. ಇಲ್ಲದಿದ್ದರೆ ಕಟ್ಟಡಕ್ಕೆ ಕೇಡಂತೆ! ದುಡಿದು ಮುರಿದ ಮೈ ನಾಳೆ ಬಾಯಿ ಬಿಡದಿರಲೆಂದು ಗುತ್ತೇದಾರರು ಹುಟ್ಟಿಸಿದ ಶಾಸ್ತ್ರ ಅದು.

"ನಾ ಬಿಟ್ಟೀನ್ರಿ ಮೇಸ್ತ್ರಿ... ಹನ್ನೊಂದ ದಿನ ಆತು..."

ಇಬ್ಬರು ಅವನನ್ನು ಗೋಡೆಗೆ ಒತ್ತಿದರು. ಸೀತಾರಾಮ ಹೊಟ್ಟೆಗೆ ಒದ್ದ. ಮತ್ತೆ ಒದ್ದ.

ಬಾಂಡಲಿ ತೊಳೆಯುತ್ತಿದ್ದ ವಿಜಯಶ್ರೀ ತಲೆ ಎತ್ತಿದಳು. ಕುಡಿದು ಬಡಿಯುವ ಗಂಡಸರನ್ನು ಹುಟ್ಟಿದಾಗಿನಿಂದ ಕಂಡವಳು ಅವಳು. ಕುಡಿಯಲಾರೆನೆಂದು ಬಡಿಸಿಕೊಳ್ಳುವ ಗಂಡಸನ್ನು ಕಂಡದ್ದು ಇದೇ ಮೊದಲು. ಅವಳ ಅಪ್ಪ ಅಮರಯ್ಯ ಇಂಥದೇ ಸ್ಲ್ಯಾಬಿನ ಸಂಜೆ ಕುಡಿದು, ಮೂರನೇ ಮಹಡಿಯಿಂದ ಬಿದ್ದು ಸತ್ತಿದ್ದ.

ಸಲಿಕೆ ಎತ್ತಿ ಬೀಸಿದಳು. ಬಾಟಲಿ ಚೂರಾಗಿ ಮೇಸ್ತ್ರಿಯ ಅಂಗೈ ಸೀಳಿತು!

"ನಿಮ್ಮ ಬಿಲ್ಡಿಂಗಿಗೆ ನಮ್ಮ ರಗತ ಬಿದ್ದದ್ದು ಇನ್ನೂ ಸಾಲಲಿಲ್ಲೇನು?"

ಇಬ್ಬರ ಕೆಲಸವೂ ಹೋಯಿತು. ಬೀದಿ ನಲ್ಲಿಯಲ್ಲಿ ಅವನು ಬಾಯಿ ತೊಳೆದುಕೊಳ್ಳುವಾಗ ಕೇಳಿದಳು.

"ಹೆಸರೇನು?"

"ಹುಲಗೇಶ. ಮಾನ್ವಿ ಕಡಿಯವ."

"ಹೆಸರಿನ್ಯಾಗ ಹುಲಿ, ಹೊಡಿಸಿಕೊಳ್ಳೂದು ಮಾತ್ರ ಥೇಟ್ ಆಕಳ!"

ಒಡೆದ ತುಟಿಯಲ್ಲೇ ನಕ್ಕ. ಆ ನಗು ಅವಳ ಎದೆಗೆ ಇಳಿಯಿತು... ಇಳಿದದ್ದು ಮೇಲೆ ಬರಲಿಲ್ಲ.

ಬೇರೆ ಸೈಟಿನಲ್ಲಿ ಒಟ್ಟಿಗೆ ಕೆಲಸ ಹಿಡಿದರು. ಎರಡು ತಿಂಗಳಲ್ಲಿ ಮದುವೆಯ ಮಾತು ಬಂತು.

"ನಮ್ಮಪ್ಪ ಕುಡದು ಬಂದು ಅವ್ವನ ಕೂದಲ ಹಿಡದು ಅಂಗಳತನಕ ಎಳೀತಿದ್ದ," ಎಂದಳು. "ನೀ ಒಂದ ಹನಿ ಮುಟ್ಟಿದ್ರ, ಅವತ್ತ ನಾ ನಿನಗಿಲ್ಲ."

ಹುಲಗೇಶ ನೆಲ ನೋಡಿದ. ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ.

ಆಮೇಲೆ ದಿನಾ ಸಂಜೆ ಮಾಯವಾಗತೊಡಗಿದ! ಕೇಳಿದರೆ ಒಂದೇ ಉತ್ತರ, "ಸ್ವಲ್ಪ ಕೆಲಸ ಐತಿ."

ಒಂದು ಸಂಜೆ ವಿಜಯಶ್ರೀ ಬೆನ್ನು ಹತ್ತಿದಳು. ಅವನು ನೆಟ್ಟಗೆ ನಡೆದದ್ದು ವೈನ್ಸ್ ಅಂಗಡಿಗೆ! ಗುಂಪಿನಲ್ಲಿ ತೂರಿ ಕಣ್ಮರೆಯಾದ.

'ಎಲ್ಲಾ ಗಂಡಸರೂ ಒಂದ...' ಅವಳ ರಕ್ತ ಕುದಿಯಿತು. ಬೀದಿಯ ಕಲ್ಲೊಂದನ್ನು ಎತ್ತಿಕೊಂಡು ನುಗ್ಗಿದಳು. ಕೌಂಟರಿನ ಮುಂದೆ ಅವನಿಲ್ಲ. ಮಗ್ಗುಲಿಗೆ ಇಕ್ಕಟ್ಟಾದ ಮೆಟ್ಟಿಲು. ಮೇಲೆ ಕೂತು ಕುಡಿಯುತ್ತಿರಬೇಕು! 'ಇವತ್ತ ತಲಿ ಒಡದೇ ಇಳೀತೀನಿ!'

ಮೆಟ್ಟಿಲ ತುದಿಯ ಬಾಗಿಲು ಅರೆ ತೆರೆದಿತ್ತು. ಒಳಗೆ ಹತ್ತು ಪ್ಲಾಸ್ಟಿಕ್ ಕುರ್ಚಿ, ಚಹಾದ ಫ್ಲಾಸ್ಕು. ಒಂದೇ ಒಂದು ಬಾಟಲಿಯೂ ಇಲ್ಲ. ಕುಡಿತ ಬಿಟ್ಟವರು, ಬಿಡಲು ಒದ್ದಾಡುವವರು ದಿನಾ ಸೇರುವ ಕೂಟ ಅದು.

"ಅಪ್ನೀ ಜಬಾನ್ ಮೇ ಬೋಲೋ ಭಾಯ್," ಎಂದ ಹಿರಿಯ ಕೌಶಲ್. "ಹಮ್ ಸುನೇಂಗೆ."

ಹುಲಗೇಶ ಎದ್ದು ನಿಂತ. ನಿನ್ನ ಭಾಷೆಯಲ್ಲೇ ಹೇಳು, ಕೇಳುತ್ತೇವೆ ಅಂದದ್ದಕ್ಕೆ ಕನ್ನಡದಲ್ಲೇ ಶುರು ಮಾಡಿದ.

"ಸೆರೆಗೆ ಅಡ್ಡ ನಿಂತ್ಲಂತ ನಮ್ಮವ್ವ ಪಾರ್ವತೆಮ್ಮನ ಕೈ ತಿರುವಿ ಮುರದೆ. ಲಟ್ಟ್ ಅಂತು... ಆಕಿ ಕಿರಚಲಿಲ್ಲ. ಓಣ್ಯಾಗಿನವ್ರು ಬಂದು ಮಗನ್ನ ಬೈತಾರಂತ ಸೆರಗು ಕಚ್ಚಿಕೊಂಡ್ಲು. ನಾ ಆಕಿನ್ನ ದಾಟಿ ಹೋಗಿ ಕುಡದೆ."

ಕುರ್ಚಿಗಳಲ್ಲಿದ್ದ ತೆಲುಗರು, ಹಿಂದಿಯವರು ಸುಮ್ಮನೆ ತಲೆದೂಗಿದರು. ಯಾರಿಗೂ ಒಂದಕ್ಷರ ತಿಳಿಯಲಿಲ್ಲ. ಬಾಗಿಲಲ್ಲಿದ್ದವಳಿಗೆ ಎಲ್ಲ ತಿಳಿಯಿತು.

ಕಲ್ಲು ಬಿಸುಟು ಒಳನುಗ್ಗಿ ಕೆನ್ನೆಗೆ ಬಾರಿಸಿದಳು! ಕೌಶಲ್ ಧಡಕ್ಕನೆ ಎದ್ದ. ಹುಲಗೇಶ ಅವನನ್ನು ಕೈಸನ್ನೆಯಲ್ಲೇ ತಡೆದ.

"ನನಗ್ಯಾಕ ಹೇಳಲಿಲ್ಲ?"

"ನಿನಗ ತಿಳೀತೈತಲ್ಲ... ಅದಕ್ಕ."

ಅವನು ಹೊಡೆಸಿಕೊಂಡ ಕೆನ್ನೆ ಉಜ್ಜಿಕೊಂಡ.

"ನಿಮ್ಮಪ್ಪನ ಕತಿ ಕೇಳಿದ ದಿನದಿಂದ ನನ್ನ ಕೈಗೆ ನಾನ ಅಂಜಾಕತ್ತೀನಿ, ವಿಜಿ. ಇಂಥ ಜಾಗ ಎಲ್ಲೈತಂತ ನಾಲ್ಕ ದಿನ ಹುಡುಕಿದೆ. ಕುಡಿಯೋ ಜಾಗ ಗಲ್ಲಿಗೊಂದು ತೋರಿಸ್ತಾರ, ಬಿಡಿಸೋ ಜಾಗ ಯಾರಿಗೂ ಗೊತ್ತಿಲ್ಲ. ಕಡೀಕ ಸಿಕ್ಕಿದ್ದು ಸೆರೆ ಅಂಗಡಿ ನೆತ್ತಿ ಮ್ಯಾಲ!"

ವಿಜಯಶ್ರೀ ಅವನ ಕೈ ನೋಡಿದಳು. ಅಪ್ಪನ ಕೈಯಂಥದೇ ಕೈ. ಆದರೆ ಅಪ್ಪ ಸಾಯುವ ತನಕ ಒಮ್ಮೆಯೂ 'ನಾನು ಮಾಡಿದೆ' ಎನ್ನಲಿಲ್ಲ... ಇವನು ಎದ್ದು ನಿಂತು ಅಂದಿದ್ದ.

"ನನ್ನ ಮ್ಯಾಲೆ ಒಂದ ಸಲ ಕೈ ಎತ್ತಿದ್ರ, ಆ ಕೈ ನಿನಗ ಇರಾಂಗಿಲ್ಲ."

"ಹೂಂ."

"ನಿಮ್ಮವ್ವಗ ಫೋನ್ ಹಚ್ಚು."

ಅವನ ಮುಖ ಬಿಳಿಚಿಕೊಂಡಿತು. "ಎರಡ ವರ್ಷ ಆತು ಆಕಿ ದನಿ ಕೇಳಿ. ಏನಂತ ಹೇಳ್ಲಿ?"

"ಇಲ್ಲಿ ಹೇಳಿದ್ದ ಹೇಳು. ಆಕಿಗೂ ತಿಳೀತೈತಿ."

"ಆಕಿ ಅತ್ತರ?"

"ಅಳ್ಲಿ. ಅವತ್ತ ನುಂಗಿದ್ದು ಇವತ್ತರ ಹೊರಗ ಬರ್ಲಿ."

ಅವನು ನಂಬರು ಒತ್ತಿದ. ಆ ಕಡೆ ಗಂಟೆ ಹೊಡೆಯತೊಡಗಿತು.

"ಆಮ್ಯಾಲೆ... ಆಮ್ಯಾಲೆ ಏನ್ ಹೇಳ್ಲಿ, ವಿಜಿ?"

ಅವಳು ಅವನ ಭುಜಕ್ಕೆ ಭುಜ ತಾಗಿಸಿ ನಿಂತಳು.

"ಆಮ್ಯಾಲೆ... ನಿನ್ನ ಸೊಸಿ ಆಗಾಕಿ ಬಾಜೂಕ ನಿಂತಾಳಬೇ, ಅಂತ ಹೇಳು."